ಡೇರಿ ಲೆಕ್ಕದ ಪುಸ್ತಕದಲ್ಲಿ ಮಗಳ ಅಳು

ಮಗಳು ಹುಟ್ಟಿದ ಐದನೇ ದಿನ ಆಸ್ಪತ್ರೆಯಿಂದ ತವರಿಗೆ ಬಂದೆ. ಸಾಗರದ ಹತ್ತಿರ ಒಂದು ಹಳ್ಳಿ. ಜುಲೈ ತಿಂಗಳು. ಹೊರಗೆ ಹನಿ ಕಡಿಯದ ಮಳೆ, ಒಳಗೆ ಅದಕ್ಕೇನೂ ಕಮ್ಮಿಯಿಲ್ಲದ ಅಳು.

ಆ ಅಳುವಿಗೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅಮ್ಮನ ಪ್ರಕಾರ ಹೊಟ್ಟೆನೋವು. ಅಜ್ಜಿಯ ಪ್ರಕಾರ ದೃಷ್ಟಿ. ಪಕ್ಕದ ಮನೆಯ ದೊಡ್ಡಮ್ಮ ಬಂದವರೇ, "ಹಾಲು ಸಾಲ್ತಿಲ್ಲ ಮಾರಾಯ್ತಿ, ಡಬ್ಬಿ ಹಾಲು ತರ್ಸು" ಎಂದರು. ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಿದ್ದ ನಮ್ಮನೆಯವರು ಫೋನಿನಲ್ಲಿ ಓದಿಕೊಂಡು ಹತ್ತಾರು ಕಾಯಿಲೆಗಳ ಹೆಸರು ಹೇಳಿದರು. ನನಗೆ ನಿದ್ದೆಯಿಲ್ಲ, ಹೊಲಿಗೆಯ ನೋವು ಬೇರೆ. ಯಾರು ಕೊನೆಗೆ ಹೇಳುತ್ತಾರೋ ಅವರದ್ದೇ ಸರಿ ಅನ್ನಿಸುತ್ತಿತ್ತು.

ಡೇರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಅಮ್ಮನ ಪುಸ್ತಕ ಕಿಟಕಿಯಲ್ಲಿತ್ತು. ಏಳನೇ ದಿನ ಅದರ ಹಿಂದಿನ ಪುಟದಿಂದ ಬರೆಯಲು ಶುರು ಮಾಡಿದೆ. ಎಷ್ಟು ಹೊತ್ತಿಗೆ ಅತ್ತಳು, ಎಷ್ಟು ಹೊತ್ತು ಅತ್ತಳು, ಅದಕ್ಕೆ ಮುಂಚೆ ಹಾಲು ಕುಡಿದದ್ದು ಯಾವಾಗ, ಉಚ್ಚೆ ಕಕ್ಕ ಎಷ್ಟು ಸಲ, ಕೊನೆಗೆ ಯಾವುದರಿಂದ ಸುಮ್ಮನಾದಳು. ಇಷ್ಟೇ. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಪೆನ್ನು. ನನ್ನ ಅಕ್ಷರ ನನಗೇ ಓದಲು ಬರುತ್ತಿರಲಿಲ್ಲ.

ಅದೇ ದಿನ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ಮಗು ನೋಡುವ ಪದ್ಧತಿ ಇದೆ. ಜೋಳಿಗೆಯಲ್ಲಿ ಮಲಗಿಸಿ ತೂಗಿದರು. ಹುಟ್ಟಿದಾಗ 2.9 ಕೆಜಿ ಇದ್ದವಳು ಆಸ್ಪತ್ರೆ ಬಿಡುವಾಗ 2.7ಕ್ಕೆ ಇಳಿದಿದ್ದಳು. ಈಗಲೂ ಹೆಚ್ಚುಕಮ್ಮಿ ಅಷ್ಟೇ. ನನ್ನ ಎದೆ ಧಸಕ್ಕೆಂದಿತು. ಮೊದಲ ವಾರದಲ್ಲಿ ಸ್ವಲ್ಪ ಇಳಿಯುವುದು ಮಾಮೂಲು, ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇಳಿದರೆ ಕಷ್ಟ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು ಎಂದರು. ಆಮೇಲೆ ಕೇಳಿದ ಪ್ರಶ್ನೆ ಇದು: "ಉಚ್ಚೆ ಎಷ್ಟು ಸಲ ಹೊಯ್ತಾಳೆ?"

ಪುಸ್ತಕ ನೋಡಿದೆ. ಬೆಳಗಿನಿಂದ ನಾಲ್ಕು ಗೆರೆಯೂ ಇರಲಿಲ್ಲ. ಐದನೇ ದಿನ ದಾಟಿದ ಮೇಲೆ 24 ಗಂಟೆಗೆ 6 ಸಲವಾದರೂ ಬಟ್ಟೆ ಒದ್ದೆಯಾಗಬೇಕಂತೆ. ಹಾಗಾದರೆ ದೊಡ್ಡಮ್ಮ ಹೇಳಿದ್ದೇ ಸರಿಯಾ? ಡಬ್ಬಿ ತರಿಸಬೇಕಾ? ಅವರು, "ತಡಿ ತಂಗಿ, ಮೊದಲು ಕುಡಿಸು ನೋಡ್ತೀನಿ" ಎಂದು ಪಕ್ಕದಲ್ಲೇ ಕೂತರು.

ಎರಡು ನಿಮಿಷದಲ್ಲಿ ಗೊತ್ತಾಯಿತು. ಹಾಲು ಬೇಕಾದಷ್ಟಿತ್ತು. ಮಗಳು ಬರೀ ತೊಟ್ಟನ್ನು ಕಚ್ಚಿ ಚೀಪುತ್ತಿದ್ದಳು. ಬಾಯಿಂದ ಬಿಡಿಸಿದಾಗ ತೊಟ್ಟು ಓರೆಯಾಗಿ ಸವೆದ ಬಳಪದ ಹಾಗೆ ಚಪ್ಪಟೆಯಾಗಿರುತ್ತಿತ್ತು. ನೋವಿಗೆ ನಾನು ಹಲ್ಲು ಕಚ್ಚಿಕೊಂಡು ಬೇಗ ಬಿಡಿಸುತ್ತಿದ್ದೆ. ಬಾಣಂತಿಗೆ ಇಷ್ಟು ನೋವು ಇದ್ದದ್ದೇ ಅಂದುಕೊಂಡಿದ್ದೆ. ಅವರು ಕೂಸಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವ ಹಾಗೆ ಪೂರ್ತಿ ತಿರುಗಿಸಿದರು. ಮೂಗು ತೊಟ್ಟಿನ ಎದುರು. ತೊಟ್ಟಿನಿಂದ ಮೇಲ್ತುಟಿ ಸವರಿ, ಬಾಯಿ ಆಕಳಿಸುವಷ್ಟು ದೊಡ್ಡದಾಗಿ ತೆರೆದಾಗ ಮಗುವನ್ನು ಎದೆಗೆ ತಂದರು. ನಾನು ಅಷ್ಟು ದಿನ ಎದೆಯನ್ನೇ ಮಗುವಿನ ಕಡೆಗೆ ಬಗ್ಗಿಸುತ್ತಿದ್ದೆ. ಗದ್ದ ಎದೆಗೆ ಒತ್ತಿತು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಬಾಯೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಗುಟುಕ್ ಗುಟುಕ್ ಶಬ್ದ. ಅದನ್ನು ಮೊದಲ ಸಲ ಕೇಳಿದ್ದು ಆವತ್ತೇ. ಏಳು ದಿನ ನಾನು ಕೇಳಿದ್ದು ಬರೀ ಚೀಪುವ ಸದ್ದು.

ಇನ್ನೊಂದು ವಿಷಯವನ್ನೂ ಅವರೇ ಹೇಳಿದರು. ಅಳುವುದು ಹಸಿವಿನ ಕೊನೆಯ ಲಕ್ಷಣ. ಅದಕ್ಕಿಂತ ಮುಂಚೆ ಕೂಸು ತಲೆ ಆಚೀಚೆ ಹೊರಳಿಸುತ್ತದೆ, ತುಟಿ ಚಪ್ಪರಿಸುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ನಾವೋ, "ನೋಡಿ ಎಷ್ಟು ಚೆಂದ ಆಟ ಆಡ್ತಾಳೆ" ಎಂದು ನೋಡುತ್ತಾ ಕೂರುತ್ತಿದ್ದೆವು. ಗಂಟಲು ಹರಿಯುವಂತೆ ಅತ್ತ ಮೇಲೆ ಎದೆಗೆ ಹಿಡಿದರೆ ಅವಳಿಗೆ ಬಾಯಿ ಹಾಕಲೂ ಆಗುತ್ತಿರಲಿಲ್ಲ. ಅಮ್ಮ ಅದನ್ನು ನೋಡಿ, "ಹಸಿವಲ್ಲ, ಹಾಲು ಬೇಡ ಅಂತಿದೆ, ಹೊಟ್ಟೆನೋವೇ ಸೈ" ಎನ್ನುತ್ತಿದ್ದಳು. ಈಗ ಲಕ್ಷಣ ಕಂಡ ಕೂಡಲೇ ಕುಡಿಸಿದೆ. ಹಗಲು ರಾತ್ರಿ ಸೇರಿ ಹತ್ತು, ಹನ್ನೊಂದು ಸಲ. ಹದಿನಾಲ್ಕನೇ ದಿನ ತೂಗಿದಾಗ 2.95. ಡಬ್ಬಿ ಹಾಲಿನ ಮಾತು ಅಲ್ಲಿಗೆ ಮುಗಿಯಿತು.

ಅಳು ಮಾತ್ರ ಮುಗಿಯಲಿಲ್ಲ.

ನಮ್ಮ ಕಡೆ ಬಾಣಂತಿ ಕೋಣೆ ಅಂದರೆ ಗೊತ್ತಲ್ವಾ? ಕಿಟಕಿ ಬಾಗಿಲು ಮುಚ್ಚಿ, ಮಡಕೆಯಲ್ಲಿ ಕೆಂಡ ಇಟ್ಟು, ಸಾಂಬ್ರಾಣಿ ಹಾಕಿ, ಮಗುವಿಗೆ ಕುಲಾವಿ, ಸ್ವೆಟರ್, ಕಾಲುಚೀಲ, ಅದರ ಮೇಲೆ ಎರಡು ಕಂಬಳಿ. ಮಳೆಗಾಲ, ಥಂಡಿ ಅಂತ. ಎರೆದ ಮೇಲೆ ಒಂದು ತಾಸು ಚೆನ್ನಾಗಿ ಮಲಗಿ, ಆಮೇಲೆ ಕೆಂಪಗಾಗಿ ಅಳುತ್ತಿದ್ದಳು. ಮೂರು ದಿನ ಒಂದೇ ಹೊತ್ತಿಗೆ ಬರೆದದ್ದು ಕಣ್ಣಿಗೆ ಬಿತ್ತು. ನಾಲ್ಕನೇ ದಿನ ಕುತ್ತಿಗೆಯ ಹಿಂದೆ ಕೈ ಹಾಕಿದರೆ ಬೆವರು. ಅಂಗೈ, ಪಾದ ಮುಟ್ಟಿ ನೋಡಿ "ತಣ್ಣಗಿದೆ, ಇನ್ನೊಂದು ಹೊದೆಸು" ಎನ್ನುವುದು ನಮ್ಮ ರೂಢಿ. ಆದರೆ ಎಳೆ ಕೂಸಿನ ಕೈಕಾಲು ತಣ್ಣಗಿದ್ದರೂ ಮೈ ಬಿಸಿಯಿರಬಹುದು. ಎದೆ ಅಥವಾ ಕುತ್ತಿಗೆ ಮುಟ್ಟಿಯೇ ನೋಡಬೇಕು. ಕೆಂಡವನ್ನು ಹೊರಗೆ ಇಡಿಸಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ದೊಡ್ಡವರ ಜೀವಕ್ಕೇ ಅಪಾಯ, ಕೂಸಿನ ಗತಿ ಏನು! ಅಜ್ಜಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಎರೆದ ಮೇಲಿನ ಅಳು ನಿಂತಾಗ ಅವಳೇ, "ಅದು ನಿನ್ನ ಹಾಗೇ, ಸೆಕೆ ತಡೆಯದ ಜಾತಿ" ಎಂದು ರಾಜಿಯಾದಳು.

ಇಪ್ಪತ್ತನಾಲ್ಕನೇ ದಿನದ್ದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಇದ್ದಕ್ಕಿದ್ದ ಹಾಗೆ ಕಿರುಚಿದಳು. ಅದುವರೆಗೆ ಕೇಳಿದ ಅಳುವಲ್ಲ. ಹಾಲು ಬೇಡ, ತೇಗಿಸಿದರೂ ಇಲ್ಲ, ಎತ್ತಿಕೊಂಡರೂ ಇಲ್ಲ. ಪುಸ್ತಕದಲ್ಲಿ ಆ ಹೊತ್ತಿಗೆ ಯಾವತ್ತೂ ಅತ್ತದ್ದಿಲ್ಲ. ಚಾಪೆಯ ಮೇಲೆ ಮಲಗಿಸಿ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿದೆ. ಸಂದುಗಳು, ಕಿವಿಯ ಹಿಂದೆ, ತೊಡೆಯ ಸಂದು, ಎಲ್ಲ ನೋಡಿದೆ. ಕೊನೆಗೆ ಕಾಲುಚೀಲ ತೆಗೆದರೆ ಎರಡನೇ ಬೆರಳು ದ್ರಾಕ್ಷಿ ಹಣ್ಣಿನ ಹಾಗೆ ಊದಿಕೊಂಡಿದೆ. ಚೀಲದ ಒಳಗಿನ ಬಿಡಿ ದಾರ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಸುತ್ತು ಇನ್ನೂ ಕಾಣುತ್ತಿದ್ದರಿಂದ ಅಮ್ಮ ಉಗುರಿನಿಂದ ಎತ್ತಿ ಹಿಡಿದು ಸಣ್ಣ ಕತ್ತರಿಯಲ್ಲಿ ಕತ್ತರಿಸಿದಳು. ಆದರೂ ಡಾಕ್ಟರ ಹತ್ತಿರ ಓಡಿದೆವು. ಅವರು ಭೂತಗನ್ನಡಿ ಹಿಡಿದು, ಎಳೆ ಒಳಗೆ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕಳಿಸಿದ್ದು. ದಾರ ಚರ್ಮದೊಳಗೆ ಹೂತುಹೋಗಿದ್ದರೆ ಮನೆಯಲ್ಲಿ ಕೆದಕದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳಿಗೇ ಕುತ್ತು ಎಂದರು. ಬಾಣಂತಿಯ ಉದುರಿದ ಕೂದಲೂ ಹೀಗೆ ಸುತ್ತಿಕೊಳ್ಳುತ್ತದಂತೆ. ಅವತ್ತಿನಿಂದ ಕೈಗವಸು, ಕಾಲುಚೀಲ ಎಲ್ಲವನ್ನೂ ಒಳಮಗ್ಗುಲು ತಿರುಗಿಸಿ ದಾರ ಕತ್ತರಿಸಿಯೇ ಹಾಕಿದೆ. ಆಮೇಲೆ ಕೈಗವಸು ಬೇಡವೇ ಬೇಡ ಅಂದುಬಿಟ್ಟೆ.

ಅದೇ ಭೇಟಿಯಲ್ಲಿ ಡಾಕ್ಟರು ಯಾವುದಕ್ಕೆ ಕಾಯಬಾರದು ಎಂದೂ ಹೇಳಿದರು. ಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಹೊರಡಬೇಕು. ಹಸಿರು ವಾಂತಿ, ಕಕ್ಕದಲ್ಲಿ ರಕ್ತ, ನೆತ್ತಿ ಉಬ್ಬಿಕೊಳ್ಳುವುದು, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ಹಾಲೇ ಮುಟ್ಟದಿರುವುದು, ಫಿಟ್ಸ್. ಇನ್ನೊಂದು: ಅಳುತ್ತಿದ್ದ ಮಗು ಅಳುವ ಶಕ್ತಿಯೂ ಇಲ್ಲದಂತೆ ಜೋಲು ಬೀಳುವುದು. ಅದನ್ನು "ಪಾಪ, ಸುಮ್ನಾಯ್ತು" ಎಂದು ಬಿಡುವವರೇ ಜಾಸ್ತಿ ಎಂದರು.

ಉಳಿದದ್ದು ಸಂಜೆಯ ಅಳು. ಮೂರನೇ ವಾರದಿಂದ ಸಂಜೆ ಆರೂವರೆಗೆ ಶುರುವಾಗಿ ಒಂಬತ್ತರವರೆಗೆ. ಹಾಲು ಕುಡಿದಿದ್ದಾಳೆ, ತೂಕ ಏರುತ್ತಿದೆ, ಜ್ವರವಿಲ್ಲ, ಬೆರಳುಗಳೂ ಸರಿ. ಮನೆಯವರ ಮದ್ದು ಇಲ್ಲಿ ಒಂದೊಂದಾಗಿ ಬಂದವು. ದೃಷ್ಟಿ ತೆಗೆದ ಇಪ್ಪತ್ತು ನಿಮಿಷಕ್ಕೆ ಸುಮ್ಮನಾದಳು. ಮಾರನೇ ದಿನ ನಾನು ನಿದ್ದೆಗಣ್ಣಿನಲ್ಲಿದ್ದಾಗ ಗ್ರೈಪ್ ವಾಟರ್ ಕುಡಿಸಿದರು, ಅದಕ್ಕೂ ಇಪ್ಪತ್ತು ನಿಮಿಷ. ಅದರ ಮಾರನೇ ದಿನ ಏನೂ ಮಾಡಲಿಲ್ಲ. ಆಗಲೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸುಮ್ಮನಾದಳು! ಬರೆದಿಟ್ಟದ್ದರ ಲಾಭ ಅದೇ. ದೃಷ್ಟಿ ತೆಗೆಯಲು ನನ್ನ ತಕರಾರಿಲ್ಲ, ಮೆಣಸಿನಕಾಯಿ ಘಾಟು ಕೋಣೆಗೆ ಬರದಿದ್ದರೆ ಸಾಕು. ಆದರೆ ಬಾಯಿಗೆ ಎದೆಹಾಲು ಮತ್ತು ಡಾಕ್ಟರು ಬರೆದುಕೊಟ್ಟ ವಿಟಮಿನ್ ಡಿ ಹನಿ ಬಿಟ್ಟು ಬೇರೇನೂ ಇಲ್ಲ. ಗ್ರೈಪ್ ವಾಟರ್ ಇಲ್ಲ, ಬಜೆ ಇಲ್ಲ, ಜೇನು ಅಂತೂ ಒಂದು ವರ್ಷದವರೆಗೆ ಇಲ್ಲವೇ ಇಲ್ಲ.

ಪುಸ್ತಕದಲ್ಲಿ ಇನ್ನೊಂದು ಕಂಡಿತು. ಕೂಸು ನೋಡಲು ಜನ ಬಂದ ದಿನ ಅಳು ಹೆಚ್ಚು. ನಾಲ್ಕಕ್ಕೆ ಬಂದವರು ಮಡಿಲಿಂದ ಮಡಿಲಿಗೆ ದಾಟಿಸಿ, ಗಲ್ಲ ಚಿವುಟಿ, ಆರಕ್ಕೆ ಹೋಗುತ್ತಿದ್ದರು. ಆ ವಯಸ್ಸಿನ ಮಗು ಒಂದು ಸಲಕ್ಕೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ ಎಚ್ಚರ ಇರಬಲ್ಲದು. ಇವಳು ಎರಡು ಗಂಟೆ ಕಣ್ಣು ಬಿಟ್ಟೇ ಇರುತ್ತಿದ್ದಳು. ಹುಬ್ಬು ಗಂಟಿಕ್ಕುವುದು, ಮುಖ ಬೇರೆ ಕಡೆ ತಿರುಗಿಸುವುದು, ಕೈಕಾಲು ಝಾಡಿಸುವುದು, ಎಲ್ಲವೂ ನಿದ್ದೆಗೆ ಕಳಿಸಿ ಎಂಬ ಕೂಗು. ಮಧ್ಯಾಹ್ನ ಮೂರರ ಮೇಲೆ ಯಾರಿಗೂ ಮಗು ಕೊಡುವುದಿಲ್ಲ ಎಂದೆ. "ಸೊಕ್ಕು" ಎಂದರಂತೆ. ಅಳು ಅರ್ಧ ಗಂಟೆ ಕಡಿಮೆಯಾಯಿತು, ನನಗೆ ಅಷ್ಟು ಸಾಕಿತ್ತು.

ಉಳಿದ ಎರಡು ಗಂಟೆಗೆ ಕಾರಣ ಸಿಗಲಿಲ್ಲ. ಹುಡುಕಿ ಹುಡುಕಿ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅಮೆರಿಕದ ಮಕ್ಕಳ ವೈದ್ಯ ಬ್ರೆಜಲ್ಟನ್ ಎಂಬವರು 1962ರಲ್ಲಿ 80 ಶಿಶುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರು ತಾಯಂದಿರಿಂದಲೇ ದಿನದಿನದ ಅಳುವಿನ ಲೆಕ್ಕ ಬರೆಸಿದ್ದರು, ನಾನು ಬರೆದ ಹಾಗೇ. ಆರೋಗ್ಯವಾಗಿದ್ದ ಮಕ್ಕಳೂ ಎರಡನೇ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಅಳುತ್ತಿದ್ದರು. ಆರನೇ ವಾರಕ್ಕೆ ಅದು ಎರಡೂಮುಕ್ಕಾಲು ಗಂಟೆಗೆ ಏರಿ, ಆಮೇಲೆ ಇಳಿಯಿತು. ಹೆಚ್ಚಿನ ಅಳು ಸಂಜೆಯದ್ದೇ. ಡಾಕ್ಟರು ಇದನ್ನು ಹೇಳಿದ ದಿನ ನಾನು ಅತ್ತುಬಿಟ್ಟೆ. ಅವಳಿಗಾಗ ಐದು ವಾರ.

ಕಾರಣ ಹುಡುಕುವುದು ಬಿಟ್ಟು, ಆ ಎರಡು ಗಂಟೆ ದಾಟಿಸುವುದು ಹೇಗೆ ಎಂದು ಯೋಚಿಸಿದೆ. ಮಾಡಿಗೆ ಹೊದೆಸಿದ ತಗಡಿನ ಮೇಲೆ ಮಳೆ ಜೋರಾದರೆ ಸುಮ್ಮನಾಗುತ್ತಿದ್ದಳು, ಮಳೆ ನಿಂತರೆ ಎದ್ದು ಅಳುತ್ತಿದ್ದಳು. ಅದನ್ನು ಗಮನಿಸಿದವಳು ಅಜ್ಜಿ. ಮಳೆಯಿಲ್ಲದ ಸಂಜೆ ಪಕ್ಕದಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಝರ್ರ್ ಝರ್ರ್. ಆ ತಿಂಗಳು ನಮ್ಮ ಮನೆಯ ಅಕ್ಕಿಯಲ್ಲಿ ಒಂದು ಕಲ್ಲೂ ಉಳಿದಿರಲಿಕ್ಕಿಲ್ಲ.

ಒಂದು ರಾತ್ರಿ ಮೊರವೂ ನಡೆಯಲಿಲ್ಲ. ಅಮ್ಮ ಕೊಟ್ಟಿಗೆಯಲ್ಲಿದ್ದಳು. ಅಜ್ಜಿ ಮಲಗಿದ್ದಳು. ಮಗಳನ್ನು ಎತ್ತಿಕೊಂಡ ನನ್ನ ಕೈ ಬಿಗಿಯಾಗುತ್ತಿದೆ, ಜೋರಾಗಿ ಅಲುಗಿಸುತ್ತೇನೇನೋ ಎಂದು ನನಗೇ ಭಯವಾಯಿತು. ಎಳೆ ಕೂಸನ್ನು ಹಾಗೆ ಅಲುಗಿಸಿದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಓರೆ ಮಾಡಿ, ಜಗಲಿಗೆ ಹೋಗಿ ಕೂತೆ. ಅಳು ಕೇಳುತ್ತಲೇ ಇತ್ತು. ಐದು ನಿಮಿಷ. ವಾಪಸ್ ಬಂದು ಎತ್ತಿಕೊಂಡೆ. ಪುಸ್ತಕದಲ್ಲಿ ಆವತ್ತಿನ ಸಾಲಿನ ಮುಂದೆ "ಜಗಲಿ" ಎಂದಷ್ಟೇ ಬರೆದಿದ್ದೇನೆ.

ಏಳನೇ ವಾರದಿಂದ ಸಾಲುಗಳು ಕಡಿಮೆಯಾಗುತ್ತಾ ಬರುತ್ತವೆ. ಹನ್ನೊಂದನೇ ವಾರದ ಮೇಲೆ ನಾನು ಬರೆದೇ ಇಲ್ಲ. ನಿಲ್ಲಿಸಿದ್ದು ಯಾವ ದಿನ ಅಂತಲೂ ನೆನಪಿಲ್ಲ. ಆಮೇಲಿನ ಪುಟಗಳಲ್ಲಿ ಅಮ್ಮನ ಅಕ್ಷರ: ಬೆಳಿಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು.