ಶಿವಮೊಗ್ಗ ಸೀಮೆಯಲ್ಲಿ ನಾಟಕ, ಯಕ್ಷಗಾನದ ಆಟ ನೋಡಬಯಸುವ ಹೊಸ ಕುಟುಂಬಗಳಿಗೆ

ವರ್ಗಾವಣೆ, ವ್ಯಾಪಾರ ಅಥವಾ ಮಕ್ಕಳ ಓದಿನ ನಿಮಿತ್ತ ಈ ಜಿಲ್ಲೆಗೆ ಹೊಸದಾಗಿ ಬಂದವರು ನಮ್ಮ ಸಂಘಕ್ಕೆ ಬಂದು ಬಾಡಿಗೆ ಮನೆ, ಶಾಲೆ, ಗ್ಯಾಸ್ ಸಂಪರ್ಕದ ವಿಚಾರ ಮುಗಿಸಿದ ಮೇಲೆ, ಇಲ್ಲಿ ನಾಟಕ ಎಲ್ಲಿ ನೋಡಬಹುದೆಂದು ವಿಚಾರಿಸುವುದುಂಟು. ಅದಕ್ಕೆ ಒಂದು ವಿಳಾಸ ಬರೆದುಕೊಟ್ಟು ಕಳಿಸುವಂತಿಲ್ಲ. ಮಲೆನಾಡಿನ ರಂಗಪ್ರದರ್ಶನಗಳು ಮಳೆಗಾಲಕ್ಕೂ ಅಡಿಕೆ ಕೊಯ್ಲಿಗೂ ಹೊಂದಿಕೊಂಡು ನಡೆಯುವುದರಿಂದ, ಯಾವ ತಿಂಗಳಲ್ಲಿ ಏನು ನಡೆಯುತ್ತದೆಂದು ಮೊದಲು ತಿಳಿದುಕೊಂಡರೆ ಎಲ್ಲಿಗೆ ಹೋಗಬೇಕೆಂಬುದನ್ನು ನೀವೇ ನಿರ್ಧರಿಸಬಹುದು.

ಶಿವಮೊಗ್ಗ ನಗರದಲ್ಲಿರುವವರಿಗೆ ಹತ್ತಿರದ ಜಾಗಗಳು ಎರಡು: ಕುವೆಂಪು ರಂಗಮಂದಿರ ಮತ್ತು ಸುವರ್ಣ ಸಾಂಸ್ಕೃತಿಕ ಭವನ. ರಂಗನಿರ್ದೇಶಕ ಬಿ.ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣದ ಮಾದರಿಯಲ್ಲಿ ಸರ್ಕಾರ ಶಿವಮೊಗ್ಗಕ್ಕೂ ಒಂದು ರಂಗಾಯಣವನ್ನು ಕೊಟ್ಟಿದ್ದು, ಅದರ ಕಲಾವಿದರು ಕಟ್ಟುವ ನಾಟಕಗಳು ಇಲ್ಲಿ ನಡೆಯುವುದಲ್ಲದೆ ಬೇರೆ ಊರುಗಳಿಗೂ ಹೋಗುತ್ತವೆ. ಸ್ಥಳೀಯ ಹವ್ಯಾಸಿ ತಂಡಗಳು, ಕಾಲೇಜು ತಂಡಗಳು ಕೂಡ ಇದೇ ವೇದಿಕೆಗಳನ್ನು ಬಳಸುತ್ತವೆ. ದಸರಾ ಸಮಯದಲ್ಲಿ ಮಹಾನಗರ ಪಾಲಿಕೆ ನಡೆಸುವ ಉತ್ಸವದಲ್ಲಿ ರಂಗದಸರಾಕ್ಕೆಂದೇ ಪ್ರತ್ಯೇಕ ದಿನಗಳಿರುತ್ತವೆ. ಉಚಿತ ಪ್ರವೇಶದ ಪ್ರದರ್ಶನಗಳಿಗೆ ಸ್ವಲ್ಪ ಮುಂಚಿತವಾಗಿಯೇ ಹೋಗಿ ಕುಳಿತುಕೊಳ್ಳುವುದು ಒಳ್ಳೆಯದು. ನಾಟಕಕ್ಕೆ ಮುನ್ನ ಸಭಾ ಕಾರ್ಯಕ್ರಮವಿದ್ದರೆ ಭಾಷಣಗಳು ಎಷ್ಟು ಹೊತ್ತಿಗೆ ಮುಗಿಯುತ್ತವೆಂದು ಹೇಳುವುದು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ಚಿಕ್ಕ ಮಕ್ಕಳಿಗೆ ಏನಾದರೂ ತಿನ್ನಿಸಿಕೊಂಡೇ ಹೊರಡಿ.

ಜಿಲ್ಲೆಗೆ ಬಂದ ಮೇಲೆ ಒಮ್ಮೆಯಾದರೂ ಹೋಗಬೇಕಾದ ಊರು ಹೆಗ್ಗೋಡು. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿ.ಮೀ.; ಅಲ್ಲಿಂದ ಮುಂದೆ ಸುಮಾರು 10 ಕಿ.ಮೀ. ದೂರದಲ್ಲಿ, ಅಡಿಕೆ ತೋಟಗಳ ನಡುವೆ ನೀನಾಸಮ್ ಎಂಬ ರಂಗಸಂಸ್ಥೆ ಇದೆ. ಅಡಿಕೆ ಬೆಳೆಗಾರರೇ ಇದ್ದ ಊರಿನಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವೆಂದು ಹುಟ್ಟಿದ ಈ ಸಂಸ್ಥೆಯನ್ನು ಕೆ.ವಿ. ಸುಬ್ಬಣ್ಣನವರು ದೇಶವೇ ಗುರುತಿಸುವಂತೆ ಬೆಳೆಸಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಲ್ಲಿ ಆರಂಭವಾದ ಇಲ್ಲಿನ ರಂಗಶಿಕ್ಷಣ ಕೇಂದ್ರದ ವಿದ್ಯಾರ್ಥಿಗಳು ತಮ್ಮ ಕಲಿಕೆಯ ಭಾಗವಾಗಿ ವರ್ಷದಲ್ಲಿ ಹಲವು ನಾಟಕಗಳನ್ನು ಆಡುತ್ತಾರೆ, ಮತ್ತು ಊರಿನವರು ಕೊಟ್ಟಿಗೆ ಕೆಲಸ ಮುಗಿಸಿ ಬಂದು ಶೇಕ್ಸ್‌ಪಿಯರ್, ಬ್ರೆಖ್ಟ್, ಕಾಳಿದಾಸರನ್ನು ನೋಡಿ ಮನೆಗೆ ಹೋಗುವುದು ಅಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. 1985ರಿಂದ ಹೊರಡುತ್ತಿರುವ ತಿರುಗಾಟ ತಂಡವು ತನ್ನದೇ ರಂಗಸಜ್ಜಿಕೆ, ಬೆಳಕಿನ ಸಲಕರಣೆಗಳೊಂದಿಗೆ ರಾಜ್ಯವನ್ನು ಸುತ್ತುತ್ತದೆ. ಹೆಗ್ಗೋಡಿಗೆ ಹೋಗಲಾಗದವರು ತಿರುಗಾಟದ ನಾಟಕಗಳು ತಮ್ಮ ಊರಿಗೆ ಬರುವುದನ್ನು ಕಾಯಬಹುದು. ಆದರೂ ಶಿವರಾಮ ಕಾರಂತ ರಂಗಮಂದಿರದಲ್ಲಿ ಆ ಊರಿನ ಪ್ರೇಕ್ಷಕರ ನಡುವೆ ಕುಳಿತು ನೋಡುವುದನ್ನೇ ನಾವು ಹೆಚ್ಚು ಶಿಫಾರಸು ಮಾಡುತ್ತೇವೆ.

ಹೆಗ್ಗೋಡಿನಲ್ಲಿ ನಾಟಕ ಹೇಳಿದ ಹೊತ್ತಿಗೆ ಶುರುವಾಗುತ್ತದೆ. ತಡವಾಗಿ ಬಂದು ಮುಂದಿನ ಸಾಲು ಹುಡುಕುವುದು ಸಲ್ಲದು. ತಾಳಗುಪ್ಪದ ರೈಲುಗಳು ಸಾಗರ ಜಂಬಗಾರು ನಿಲ್ದಾಣದಲ್ಲಿ ನಿಲ್ಲುವುದರಿಂದ ಹೋಗುವುದು ಸುಲಭ. ಆದರೆ ನಾಟಕ ಬಿಟ್ಟ ಮೇಲೆ ಬಸ್ಸನ್ನು ನಂಬಿಕೊಳ್ಳುವಂತಿಲ್ಲವಾದ್ದರಿಂದ ಸ್ವಂತ ವಾಹನವಿಲ್ಲದವರು ಸಾಗರದಲ್ಲಿ ಉಳಿಯುವ ವ್ಯವಸ್ಥೆಯನ್ನೋ, ಮರಳಲು ಗೊತ್ತುಮಾಡಿದ ವಾಹನವನ್ನೋ ಇಟ್ಟುಕೊಂಡಿರಬೇಕು. ದಸರಾ ಆಸುಪಾಸಿನಲ್ಲಿ ನಡೆಯುವ ನೀನಾಸಮ್ ಸಂಸ್ಕೃತಿ ಶಿಬಿರದ ದಿನಗಳಲ್ಲಿ ಸಂಜೆ ಹೊತ್ತು ನಾಟಕಗಳಿರುತ್ತವೆ. ಮೊದಲ ಭೇಟಿಗೆ ಆ ವಾರ ತಕ್ಕದ್ದು.

ದೀಪಾವಳಿ ಕಳೆದ ಮೇಲೆ ಊರೂರು ಸುತ್ತುವ ಯಕ್ಷಗಾನ ತಂಡಗಳು, ಅಂದರೆ ಮೇಳಗಳು, ಹೊರಡುತ್ತವೆ. ಘಟ್ಟದ ಕೆಳಗಿನ ಮಂದಾರ್ತಿ, ಪೆರ್ಡೂರು, ಸಾಲಿಗ್ರಾಮ ಮೊದಲಾದ ಮೇಳಗಳ ಹೆಸರನ್ನು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಗೋಡೆಗಳ ಮೇಲಿನ ಭಿತ್ತಿಪತ್ರಗಳಲ್ಲಿ ನೋಡುತ್ತೀರಿ. ಈ ಸೀಮೆಯಲ್ಲಿ ಹೆಚ್ಚಾಗಿ ನಡೆಯುವುದು ಬಡಗುತಿಟ್ಟಿನ, ಅಂದರೆ ಬಡಗಣ ಶೈಲಿಯ ಆಟ. ಯಾರಾದರೂ ಹರಕೆ ಹೊತ್ತು ಮನೆಯ ಅಂಗಳದಲ್ಲೋ ಗದ್ದೆಯಲ್ಲೋ ಆಡಿಸುವ ಹರಕೆ ಆಟಕ್ಕೆ ಟಿಕೆಟ್ ಇರುವುದಿಲ್ಲ, ಪರಿಚಯವೂ ಬೇಕಿಲ್ಲ. ಆಡಿಸುವವರ ಮನೆಯಲ್ಲಿ ಊಟಕ್ಕೆ ಕರೆದರೆ ಸಂಕೋಚಪಡದೆ ಹೋಗಿ ಕುಳಿತುಕೊಳ್ಳುವುದೇ ಇಲ್ಲಿಯ ರೀತಿ. ಡೇರೆ ಮೇಳದ ಆಟಗಳಿಗೆ ಟಿಕೆಟ್ ಉಂಟು, ಕುರ್ಚಿಯೂ ಉಂಟು. ಹೊಸಬರು ಹಲವರು ಕುರ್ಚಿ ನೋಡಿ ಡೇರೆಯನ್ನೇ ಆರಿಸಿಕೊಳ್ಳುತ್ತಾರೆ. ಕಂಬಳಿಯೊಂದನ್ನು ಹಿಡಿದು ಹರಕೆ ಆಟಕ್ಕೆ ಹೋದವರಿಗೆ ಊರಿನ ಪರಿಚಯ ಬೇಗ ಆಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬೆಳಗಿನವರೆಗಿನ ಆಟವನ್ನು ಮೊದಲ ಸಲವೇ ಪೂರ್ತಿ ನೋಡುತ್ತೇವೆಂಬ ಹಟ ಬೇಡ. ಅಭಿಮನ್ಯು ಕಾಳಗ, ಗದಾಯುದ್ಧದಂಥ ಪರಿಚಿತ ಪ್ರಸಂಗವನ್ನು ಆರಿಸಿಕೊಂಡು, ಕಥೆಯನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟರೆ, ಹಾಡಿ ಆಟ ನಡೆಸುವ ಭಾಗವತರ ಪದ್ಯ ಪೂರ್ತಿ ಅರ್ಥವಾಗದಿದ್ದರೂ ವೇಷಧಾರಿಯ ಮಾತಿನಲ್ಲಿ ಕಥೆ ಮುಂದುವರಿಯುವುದು ಗೊತ್ತಾಗುತ್ತದೆ. ಮಾತಿನಲ್ಲಿ ಇಂಗ್ಲಿಷ್ ಪದ ಬರಬಾರದೆಂಬುದು ಯಕ್ಷಗಾನದ ಶಿಸ್ತು. ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಸಂಜೆ ಬೇಗ ಹೋದರೆ ಕಲಾವಿದರು ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನೂ ನೋಡಬಹುದು. ಚೌಕಿಯಲ್ಲಿ ದೇವರ ಪೂಜೆ ನಡೆಯುವುದರಿಂದ ಚಪ್ಪಲಿ ಹೊರಗೆ ಬಿಟ್ಟು, ಅನುಮತಿ ಕೇಳಿ ಒಳಗೆ ಹೋಗಿ, ಕಲಾವಿದರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಇಡೀ ರಾತ್ರಿ ಕೂರಲಾಗದವರಿಗೆ ಕೆಲವೇ ಗಂಟೆಗಳಲ್ಲಿ ಮುಗಿಯುವ ಕಾಲಮಿತಿ ಪ್ರದರ್ಶನಗಳು ಪಟ್ಟಣಗಳ ಸಭಾಭವನಗಳಲ್ಲಿ ಸಿಗುತ್ತವೆ. ಮೇ ತಿಂಗಳ ಕೊನೆಯ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ಆಟ ಮುಗಿಸುತ್ತವೆ.

ಮಳೆಗಾಲದಲ್ಲಿ ದೇವಸ್ಥಾನಗಳ ಪೌಳಿಯಲ್ಲೋ ಮನೆಯ ಜಗಲಿಯಲ್ಲೋ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಪಾತ್ರಗಳ ಮಾತಾಡುವ ಅರ್ಥಧಾರಿಗಳ ವಾದವೇ ಎಲ್ಲ. ದೊಡ್ಡವರಿಗೆ ಇದು ಹಬ್ಬ. ಮಕ್ಕಳನ್ನು ಮಾತ್ರ ಆಟ ನೋಡಿ ರುಚಿ ಹತ್ತಿದ ಮೇಲೆ ಕರೆದೊಯ್ಯಿರಿ.

ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ದೊಡ್ಡ ಜಾತ್ರೆಗಳಿಗೆ ವೃತ್ತಿ ನಾಟಕ ಕಂಪನಿಗಳು ಬಂದು ಡೇರೆ ಹಾಕುವುದು ಹಳೆಯ ವಾಡಿಕೆ. ಹಾಸ್ಯದಲ್ಲಿ ದ್ವಂದ್ವಾರ್ಥದ ಮಾತು ಬರುವುದುಂಟಾದ್ದರಿಂದ ಮಕ್ಕಳನ್ನು ಕರೆದೊಯ್ಯುವ ಮುನ್ನ ಆ ನಾಟಕ ನೋಡಿ ಬಂದವರನ್ನು ಕೇಳಿ.

ಮಕ್ಕಳಿಗೆಂದೇ ನಾಟಕ ಕಟ್ಟುವ ತಂಡಗಳಲ್ಲಿ ಸಾಗರ ತಾಲ್ಲೂಕಿನ ತುಮರಿಯ ಕಿನ್ನರ ಮೇಳದ ಹೆಸರನ್ನು ನೆನಪಿಟ್ಟುಕೊಳ್ಳಿ. ತುಮರಿಯು ಶರಾವತಿ ಹಿನ್ನೀರಿನ ಆಚೆ ದಡದಲ್ಲಿದ್ದು, 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಗುವವರೆಗೂ ಆ ಕಡೆಯವರು ಲಾಂಚಿನ ವೇಳೆ ನೋಡಿಕೊಂಡೇ ಸಾಗರಕ್ಕೆ ಬಂದು ಹೋಗಬೇಕಾಗಿತ್ತು. ಅಂಥ ಊರಿನಿಂದ ಒಂದು ತಂಡ ಹೊರಗೆ ಬಂದು ಮಕ್ಕಳ ನಾಟಕಗಳನ್ನು ಆಡಿದೆ ಎಂಬುದನ್ನು ಈ ಸೀಮೆಯವರು ಅಭಿಮಾನದಿಂದಲೇ ಹೇಳುತ್ತಾರೆ. ಬೇಸಿಗೆ ರಜೆಯಲ್ಲಿ ಹಲವು ತಂಡಗಳು ಮಕ್ಕಳ ರಂಗಶಿಬಿರ ನಡೆಸುತ್ತವೆ. ಶಿಬಿರದ ಕೊನೆಯ ದಿನ ಮಕ್ಕಳೇ ಆಡುವ ನಾಟಕಕ್ಕೆ ಯಾರು ಬೇಕಾದರೂ ಹೋಗಬಹುದು. ಜಾಗ ಬೇಗ ತುಂಬುವುದರಿಂದ ಮಾರ್ಚ್ ತಿಂಗಳಲ್ಲೇ ವಿಚಾರಿಸಿ ಹೆಸರು ಬರೆಸಿಡಿ.

ಪ್ರದರ್ಶನದ ಸುದ್ದಿ ತಿಳಿಯಲು ದಿನಪತ್ರಿಕೆಗಳ ಸ್ಥಳೀಯ ಪುಟವನ್ನು, ದೇವಸ್ಥಾನದ ಸೂಚನಾ ಫಲಕವನ್ನು ನೋಡುತ್ತಿರಿ. ಹಳ್ಳಿ ಕಡೆಯ ಆಟಗಳ ವಿಚಾರ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೇಳಿದರೆ ಬೇಗ ತಿಳಿಯುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಬ್ಬನಿ ಸುರಿಯುವುದರಿಂದ ಬಯಲಾಟಕ್ಕೆ ಮಕ್ಕಳ ಟೋಪಿ, ಶಾಲು, ಕೂರಲು ಚಾಪೆ, ಟಾರ್ಚು ಜೊತೆಗಿರಲಿ. ಘಟ್ಟದ ತಿರುವುಗಳಲ್ಲಿ ಮಂಜು ಮುಸುಕಿದ್ದರೆ ಬೆಳಕು ಹರಿದ ಮೇಲೆಯೇ ವಾಹನ ಹೊರಡಿಸಿ. ಬೆಳಗಿನವರೆಗೆ ಕುಳಿತುಕೊಳ್ಳಲು ಆಟವಂತೂ ಇದ್ದೇ ಇರುತ್ತದೆ.