ಸೆಲೆಬ್ರಿಟಿ ಜಾಹೀರಾತಿನ ಗದ್ದಲ ಬೇಕಂತಲೇ ಎಬ್ಬಿಸಿದ್ದೋ ಅಲ್ಲವೋ: ಕಲಬುರಗಿಯಲ್ಲಿ ನಾನು ಅಳೆಯುವ ಬಗೆ

ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆಯ ಸೀರೆ ಮತ್ತು ಬಂಗಾರದ ಅಂಗಡಿಗಳಿಗೆ ಜಾಹೀರಾತು ಮಾಡಿಕೊಡುವುದು ನನ್ನ ಕೆಲಸ. ನಟ ನಟಿಯರನ್ನು ಕರೆತರುವ ಮಾತು ಬಂದರೆ ಮಾಲೀಕರು ಹೇಳುವುದು ಹೆಚ್ಚುಕಡಿಮೆ ಒಂದೇ: "ಏನರೆ ಗದ್ದಲ ಆಗ್ಲಿ ಬಿಡ್ರಿ, ಮಂದಿ ಬಾಯಾಗ ನಮ್ಮ ಅಂಗಡಿ ಹೆಸರು ಬರ್ತದಲ್ಲ." ದೊಡ್ಡ ಕಂಪನಿಗಳು ಹೀಗೆ ಮಾಡಿಯೇ ಬೆಳೆದವು ಎಂದು ಅವರು ನಂಬಿದ್ದಾರೆ. ಕೆಲವು ಕಂಪನಿಗಳು ನಿಜಕ್ಕೂ ಹಾಗೆ ಮಾಡುತ್ತವೆ. ಆದರೆ ಯಾವ ಗಿರಾಕಿಯನ್ನು ಕಳೆದುಕೊಂಡರೂ ನಡೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ ಮೇಲೆ. ಉಳಿದ ಬಹುಪಾಲು ಗದ್ದಲ ಅಜಾಗರೂಕತೆಯಿಂದ ಆದದ್ದು.

ಎರಡನ್ನೂ ಬೇರ್ಪಡಿಸಲು ನಾನು ಮೊದಲು ನೋಡುವುದು, ಸಿಟ್ಟು ಶುರುವಾದಾಗ ಕಂಪನಿಯ ಕೈಯಲ್ಲಿ ಮುಂದಿನ ಹೆಜ್ಜೆ ತಯಾರಿತ್ತೋ ಇಲ್ಲವೋ ಎಂಬುದನ್ನು. 2018ರ ಸೆಪ್ಟೆಂಬರಿನಲ್ಲಿ ನೈಕಿ, ವರ್ಣಭೇದ ವಿರೋಧಿಸಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ್ದ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್‌ನನ್ನು ಮುಂದಿಟ್ಟಾಗ ಅಮೆರಿಕದಲ್ಲಿ ಜನ ಶೂ ಸುಟ್ಟರು, ಷೇರು ಮರುದಿನ ಸುಮಾರು 3% ಇಳಿಯಿತು. ಕಂಪನಿ ಹಿಂದೆ ಸರಿಯಲಿಲ್ಲ, ಅದೇ ವಾರ ಪೂರ್ತಿ ಚಿತ್ರವನ್ನೇ ಬಿಡುಗಡೆ ಮಾಡಿತು. ಕೆಲವೇ ವಾರಗಳಲ್ಲಿ ಷೇರು ದಾಖಲೆ ಎತ್ತರ ಮುಟ್ಟಿತು. ಅದು ಲೆಕ್ಕ ಹಾಕಿ ಇಟ್ಟ ಹೆಜ್ಜೆ. ಅದಕ್ಕಿಂತ ಸುಮಾರು ಒಂದೂವರೆ ವರ್ಷ ಮೊದಲು, 2017ರ ಏಪ್ರಿಲ್‌ನಲ್ಲಿ, ಅಮೆರಿಕದ ರೂಪದರ್ಶಿ ಕೆಂಡಲ್ ಜೆನ್ನರ್ ಪ್ರತಿಭಟನೆಯ ನಡುವೆ ಪೊಲೀಸನಿಗೆ ಪೆಪ್ಸಿ ಕೊಡುವ ಜಾಹೀರಾತು ಬಂತು. ಚಳವಳಿಯನ್ನು ಹಗುರ ಮಾಡಿದರೆಂದು ಜನ ಸಿಟ್ಟಾದಾಗ ಅದನ್ನು ಮರುದಿನವೇ ವಾಪಸ್ ತೆಗೆದುಕೊಂಡು ಕ್ಷಮೆ ಕೇಳಿದರು. ಅಷ್ಟು ದುಬಾರಿ ಚಿತ್ರವನ್ನು ಒಂದೇ ದಿನಕ್ಕೆ ಕೈಬಿಡುವ ಯೋಜನೆಯನ್ನು ಯಾರೂ ಹಾಕುವುದಿಲ್ಲ. ನಟಿ ಪೂನಂ ಪಾಂಡೆ 2024ರ ಫೆಬ್ರವರಿಯಲ್ಲಿ ಸತ್ತರೆಂದು ಅವರದೇ ಖಾತೆಯಿಂದ ಸುದ್ದಿ ಹೊರಟು, ಮರುದಿನ ಗರ್ಭಕಂಠದ ಕ್ಯಾನ್ಸರ್ ಜಾಗೃತಿಯ ಹೆಸರಿನಲ್ಲಿ ಅವರೇ ವಿಡಿಯೊದಲ್ಲಿ ಕಾಣಿಸಿಕೊಂಡರು. ಅದು ಪೂರ್ತಿ ಯೋಜಿಸಿದ್ದೇ. ಆ ಕಾಯಿಲೆಯಿಂದ ನಿಜಕ್ಕೂ ಮನೆಯವರನ್ನು ಕಳೆದುಕೊಂಡವರಿಗೆ ಎಷ್ಟು ನೋವಾಯಿತು ಎಂದು ನೆನೆದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ.

ಮೈಸೂರು ಸ್ಯಾಂಡಲ್ ಸೋಪಿಗೆ 2025ರ ಮೇ ತಿಂಗಳಲ್ಲಿ ತಮನ್ನಾ ಭಾಟಿಯಾ ಅವರನ್ನು 2 ವರ್ಷ 2 ದಿನಕ್ಕೆ ₹6.2 ಕೋಟಿ ಕೊಟ್ಟು ರಾಯಭಾರಿ ಮಾಡಿದಾಗ, ಕನ್ನಡದವರು ಸಿಗಲಿಲ್ಲವೇ ಎಂಬ ಪ್ರಶ್ನೆ ನಮ್ಮಲ್ಲೂ ಜೋರಾಗಿ ಎದ್ದಿತು. ಬೇಕಂತಲೇ ಮಾಡಿದ್ದು ಎಂದು ಹಲವರು ಹೇಳಿದರು. ನನಗೆ ಹಾಗೆ ಅನಿಸುವುದಿಲ್ಲ. ಜಗಳ ಹುಟ್ಟಿದ್ದು ಸರ್ಕಾರಿ ಆದೇಶದ ಕಾಗದದಿಂದ. ಜನರ ಕಣ್ಣು ಅತ್ತ ತಿರುಗಿದಾಗ ತೋರಿಸಲು ಚಿತ್ರವಾಗಲಿ ಹೊಸ ಪ್ಯಾಕ್ ಆಗಲಿ ಮುಂದಿರಲಿಲ್ಲ. ರಾಜ್ಯದ ಹೊರಗಿನ ಮಾರುಕಟ್ಟೆ ಬೇಕು ಎಂಬ ಕಾರಣವನ್ನು ಸಚಿವರು ಆಮೇಲೆ ವಿವರಿಸಬೇಕಾಯಿತು. ಆ ಕಾರಣ ಮೊದಲು ಬಂದು ಹೆಸರು ಆಮೇಲೆ ಬಂದಿದ್ದರೆ ಅರ್ಧ ಸಿಟ್ಟು ಕಡಿಮೆಯಾಗುತ್ತಿತ್ತು.

ನಮ್ಮ ಊರಿಗೆ ಹೆಚ್ಚು ಪಾಠ ಇರುವುದು ಜೊಮ್ಯಾಟೊ ಪ್ರಕರಣದಲ್ಲಿ. 2022ರ ಆಗಸ್ಟ್‌ನಲ್ಲಿ ಹೃತಿಕ್ ರೋಷನ್ ಉಜ್ಜಯಿನಿಯಲ್ಲಿ 'ಮಹಾಕಾಲ್'ನಿಂದ ಥಾಲಿ ತರಿಸಿಕೊಂಡೆ ಎನ್ನುವ ಜಾಹೀರಾತು ಬಂತು. ಅಲ್ಲಿನ ಮಹಾಕಾಲ ದೇಗುಲದ ಅರ್ಚಕರು ಆಕ್ಷೇಪಿಸಿದರು. ಅದು ಆ ಹೆಸರಿನ ಹೋಟೆಲು ಎಂದು ಕಂಪನಿ ವಿವರಿಸಿ, ಕ್ಷಮೆ ಕೇಳಿ, ಜಾಹೀರಾತು ನಿಲ್ಲಿಸಿತು. ಊರೂರಿಗೂ ಹೋಟೆಲ್ ಹೆಸರು ಬದಲಿಸಿ ಒಂದೇ ಚಿತ್ರ ತೋರಿಸುವ ಪದ್ಧತಿಯ ಅಪಾಯವಿದು. ಕಲಬುರಗಿಯಲ್ಲಿ ಶರಣಬಸವೇಶ್ವರರ ಹೆಸರಿನ ಖಾನಾವಳಿ, ಬಂದೇ ನವಾಜ್ ಹೆಸರಿನ ಅಂಗಡಿ ಎಷ್ಟಿವೆ ಎಂಬುದು ನಮಗೆಲ್ಲ ಗೊತ್ತು. ಅದಕ್ಕೇ ನಟನ ಬಾಯಲ್ಲಿ ಅಂಗಡಿ ಹೆಸರು ಬರುವ ಪ್ರತಿ ಸಾಲನ್ನೂ, ಆ ಅಂಗಡಿ ಗೊತ್ತೇ ಇಲ್ಲದವರ ಮುಂದೆ ಓದಿಸುತ್ತೇನೆ.

ವಿಡಿಯೊ ತಯಾರಾದ ಮೇಲೆ 8 ಜನರಿಗೆ, ಒಬ್ಬೊಬ್ಬರನ್ನೇ ಕೂಡಿಸಿ ತೋರಿಸುತ್ತೇನೆ. ಕನ್ನಡ, ಉರ್ದು, ಮರಾಠಿ, ತೆಲುಗು ಮನೆಮಾತಿನವರು ಇರಬೇಕು, ಅರ್ಧದಷ್ಟಾದರೂ ಹೆಂಗಸರಿರಬೇಕು. ಮೊದಲ ಸಲ ಸದ್ದಿಲ್ಲದೆ, ಎರಡನೆಯ ಸಲ ಪರದೆ ಮುಚ್ಚಿ ಬರೀ ದನಿ, ಮೂರನೆಯ ಸಲ 10 ಸೆಕೆಂಡಿನ ತುಣುಕುಗಳಾಗಿ. ವಾಟ್ಸಾಪಿನಲ್ಲಿ ಓಡಾಡುವುದು ತುಣುಕು ಮತ್ತು ಸ್ಕ್ರೀನ್‌ಶಾಟ್, ಇಡೀ ಜಾಹೀರಾತಲ್ಲ. ನಟಿ ದೀಪ ಹಚ್ಚುವ ದೃಶ್ಯವನ್ನೇ ತೆಗೆದುಕೊಳ್ಳಿ. ಓಡುವ ವಿಡಿಯೊದಲ್ಲಿ ಆಕೆಯ ಕಾಲು ಕಣ್ಣಿಗೆ ಬೀಳುವುದಿಲ್ಲ. ನಿಲ್ಲಿಸಿ ನೋಡಿದರೆ ಎತ್ತರ ಹಿಮ್ಮಡಿಯ ಚಪ್ಪಲಿಯೂ ಸಮೆಯ (ದೀಪದ ಕಂಬದ) ಬುಡವೂ ಒಂದೇ ಚೌಕಟ್ಟಿನಲ್ಲಿ ಅಂಟಿಕೊಂಡಂತೆ ಕಾಣುತ್ತವೆ. ಶೂಟಿಂಗ್ ಜಾಗದಲ್ಲಿ ಚಪ್ಪಲಿ ಬಿಡಿಸಿದರೆ ಮುಗಿಯಿತು. ಎಡಿಟಿಂಗ್‌ಗೆ ಬಂದ ಮೇಲೆ ಗೊತ್ತಾದರೆ ಇಡೀ ದೃಶ್ಯವನ್ನೇ ಕತ್ತರಿಸಬೇಕು.

"ಚಲೋ ಆಗೇದಿಲ್ಲ?" ಎಂದು ಕೇಳಬಾರದು. "ಇದನ್ನ ನೋಡಿ ಯಾರಿಗೆ ಸಿಟ್ಟು ಬಂದೀತ್ರಿ?" ಎಂದು ಕೇಳಬೇಕು. ತಮಗೆ ನೋವಾಯಿತು ಎನ್ನಲು ಸಂಕೋಚಪಡುವವರೂ ಓಣಿಯವರ ನೋವನ್ನು ಸಲೀಸಾಗಿ ಹೇಳುತ್ತಾರೆ. 8ರಲ್ಲಿ ಇಬ್ಬರು ಒಂದೇ ಜಾಗ ತೋರಿಸಿದರೆ ಆ ಜಾಗ ಬದಲಾಗಲೇಬೇಕು. ಇಲ್ಲಿ ಪದೇಪದೇ ಸಿಕ್ಕಿಬೀಳುವ ಸಂಗತಿಗಳು ಮೂರು: ಮಾರಾಟದ ಮಾತಿಗೆ ವಚನದ ಸಾಲು ಜೋಡಿಸುವುದು, ಬೆಂಗಳೂರಿನ ನಟರು ನಮ್ಮ ಭಾಗದ ಮಾತನ್ನು ನಗಿಸಲಿಕ್ಕೆಂದೇ ಆಡುವುದು, ಅಪ್ಪನ (ಶರಣಬಸವೇಶ್ವರರ) ಜಾತ್ರೆ, ಉರುಸ್, ಮೊಹರಂ, ಬಸವ ಜಯಂತಿಯ ಆಸುಪಾಸಿನಲ್ಲಿ ಆ ದಿನಕ್ಕೆ ಹೊಂದದ ಚಿತ್ರ ಹಾಕುವುದು. ಮೊದಲೆರಡನ್ನು ನಾನು ಒಪ್ಪುವುದೇ ಇಲ್ಲ. ಮೂರನೆಯದಕ್ಕೆ ಕ್ಯಾಲೆಂಡರ್ ನೋಡಿ ದಿನ ಬದಲಿಸಿದರೆ ಸಾಕು.

ಒಪ್ಪಂದದ ವಿಷಯ. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಪಾನ್ ಮಸಾಲ ಬ್ರ್ಯಾಂಡಿನ ವಿಮಲ್ ಇಲಾಯ್ಚಿ ಜಾಹೀರಾತಿನಿಂದ ಹಿಂದೆ ಸರಿದು ಕ್ಷಮೆ ಕೇಳಿದರೂ, ಕರಾರಿನ ಅವಧಿ ಮುಗಿಯುವವರೆಗೆ ಜಾಹೀರಾತು ಬರುತ್ತಲೇ ಇರಬಹುದು ಎಂದು ಅವರೇ ಬರೆದಿದ್ದರು. ಹಾಗಾಗಿ ಎರಡೂ ಕಡೆಯವರಿಗೆ ನಿಲ್ಲಿಸುವ ಹಕ್ಕು ಇರುವ ಷರತ್ತು ಬರೆಸುತ್ತೇನೆ: ಲಿಖಿತವಾಗಿ ತಿಳಿಸಿದ 6 ಗಂಟೆಯೊಳಗೆ ಜಾಲತಾಣದಿಂದ, 48 ಗಂಟೆಯೊಳಗೆ ಫ್ಲೆಕ್ಸ್‌ಗಳಿಂದ ಚಿತ್ರ ಇಳಿಯಬೇಕು. ಹಣವನ್ನು ಸಹಿಗೆ 30%, ಶೂಟಿಂಗ್ ದಿನ 50%, ಪ್ರಸಾರವಾಗಿ 30 ದಿನದ ಮೇಲೆ 20% ಎಂದು ಹಂಚುತ್ತೇನೆ. ಕೊನೆಯ ಕಂತು ನಮ್ಮ ಕೈಯಲ್ಲಿದ್ದರೆ ನಟರ ಮ್ಯಾನೇಜರ್ ಫೋನ್ ಎತ್ತುತ್ತಾರೆ.

ಸುಳ್ಳು ಭರವಸೆಯ ಗದ್ದಲ ಮಾತ್ರ ಬೇರೆ ಜಾತಿಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೇ ಕಲಮಿನಡಿ ತಯಾರಿಸುವವರಿಗೂ ಪ್ರಚಾರ ಮಾಡಿದವರಿಗೂ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡವಿದೆ. ಪ್ರಚಾರಕರನ್ನು 1 ವರ್ಷ, ಮರುಕಳಿಸಿದರೆ 3 ವರ್ಷದವರೆಗೆ ಜಾಹೀರಾತಿನಿಂದ ದೂರವೂ ಇಡಬಹುದು. ಹೇಳುವ ಮೊದಲು ಪರಿಶೀಲಿಸಿದ್ದೇನೆ ಎಂದು ತೋರಿಸಿದ ಪ್ರಚಾರಕರಿಗೆ ಆ ದಂಡವಿಲ್ಲ. ಅದಕ್ಕೇ 'ಶುದ್ಧ', 'ನಂ. 1' ಎಂಬ ಪ್ರತಿ ಮಾತಿಗೂ ಹಾಲ್‌ಮಾರ್ಕ್ ನೋಂದಣಿಯಂಥ ದಾಖಲೆಯ ಪ್ರತಿ ಕಡತದಲ್ಲಿರಬೇಕು.

ಇಷ್ಟಾದರೂ ಸಿಟ್ಟು ಎದ್ದರೆ, ಮೊದಲ ಒಂದು ಗಂಟೆಯಲ್ಲಿ ಹಣ ಕಟ್ಟಿ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ನಿಲ್ಲಿಸಬೇಕು. ಇದನ್ನು ಮರೆತರೆ ಬೈಗುಳವನ್ನು ನಮ್ಮದೇ ದುಡ್ಡಿನಲ್ಲಿ ಹಂಚಿದಂತಾಗುತ್ತದೆ. ಕಾಮೆಂಟ್ ಅಳಿಸಬಾರದು, ಅಳಿಸಿದ್ದರ ಸ್ಕ್ರೀನ್‌ಶಾಟ್ ಇನ್ನೊಂದು ಜಗಳ ತರುತ್ತದೆ. ಪತ್ರಿಕೆಯ ಜಿಲ್ಲಾ ಪುಟಕ್ಕೆ ಮರುದಿನದ ಜಾಹೀರಾತು ಹೋಗಿದ್ದರೆ ಸಂಜೆಯೊಳಗೆ ಫೋನ್ ಮಾಡಿ ತಡೆಯಬೇಕು, ರಾತ್ರಿ ಪುಟ ಅಚ್ಚಿಗೆ ಹೋದ ಮೇಲೆ ಏನೂ ನಡೆಯದು. ಹೇಳಿಕೆ ಮೂರೇ ಸಾಲು, ಕನ್ನಡ ಮತ್ತು ಉರ್ದುವಿನಲ್ಲಿ: ಏನಾಯಿತು, ಏನು ತೆಗೆದೆವು, ಮಾಲೀಕರ ಹೆಸರು. "ಯಾರಿಗಾದರೂ ನೋವಾಗಿದ್ದರೆ" ಎಂಬ ಮಾತನ್ನು ಹೊಡೆದುಹಾಕುತ್ತೇನೆ. ನೋವಾಗಿದೆ ಎಂದು ಜನ ಆಗಲೇ ಹೇಳಿಯಾಗಿದೆ.

ಗದ್ದಲದಿಂದ ವ್ಯಾಪಾರವಾಯಿತೇ ಎಂಬುದಕ್ಕೆ ಲೈಕು, ಶೇರು ನೋಡಿ ಪ್ರಯೋಜನವಿಲ್ಲ. ಫ್ಲೆಕ್ಸಿಗೊಂದು, ಪತ್ರಿಕೆಗೊಂದು, ಇನ್‌ಸ್ಟಾಗ್ರಾಮಿಗೊಂದು ಬೇರೆ ಫೋನ್ ನಂಬರ್ ಕೊಟ್ಟು ಕರೆ ಎಣಿಸುತ್ತೇನೆ. ಜಾಹೀರಾತಿಗೆ ಮೊದಲಿನ 4 ವಾರದ ಬಿಲ್ ಸಂಖ್ಯೆಯನ್ನು ಆಮೇಲಿನ 4 ವಾರದ ಜೊತೆ ಇಟ್ಟು, ಮದುವೆ ಮುಹೂರ್ತ ಎಷ್ಟಿದ್ದವು ಎಂಬುದನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಜೊತೆಗೆ ಹಳೆಯ ಖಾತೆಯ ಗಿರಾಕಿಗಳಲ್ಲಿ ಈ ಸಲ ಯಾರು ಬರಲಿಲ್ಲ ಎಂದು ಗುಮಾಸ್ತರನ್ನೇ ಕೇಳುತ್ತೇನೆ. ನೈಕಿಗೆ ಬಿಟ್ಟುಹೋದವರ ಬದಲು ಇನ್ನೊಂದು ದೇಶದಲ್ಲಿ ಗಿರಾಕಿ ಸಿಗುತ್ತಾರೆ. ಸ್ಟೇಷನ್ ರಸ್ತೆಯ ಸೀರೆ ಅಂಗಡಿಗೆ ಆಳಂದ, ಜೇವರ್ಗಿ, ಚಿತ್ತಾಪುರದಿಂದ ಬರುವ ಅದೇ ಮನೆತನಗಳೇ ಬೇಕು. ಒಂದು ಮನೆ ತಪ್ಪಿದರೆ ಆ ಮನೆಯ ಮೂರು ಮದುವೆಗಳ ಬಟ್ಟೆ ಬೇರೆ ಅಂಗಡಿಗೆ ಹೋಗುತ್ತದೆ.