ಅಂಚಿಗೆ ಟೇಪು, ನಡುವಿಗೆ ಲಿಕ್ವಿಡ್ ಮಾಸ್ಕ್: ಮಾಡೆಲ್ ಪೇಂಟಿಂಗ್‌ನಲ್ಲಿ ನನ್ನ ಅನುಭವ

ಪ್ಲಾಸ್ಟಿಕ್ ಮಾಡೆಲ್ ವಿಮಾನಕ್ಕೆ ಬಣ್ಣ ಹೊಡೆಯುವಾಗ, ಬಣ್ಣ ತಾಗಬಾರದ ಜಾಗಕ್ಕೆ ಬಳಿದು, ಕೊನೆಗೆ ಸಿಪ್ಪೆಯಂತೆ ಬಿಡಿಸಿ ತೆಗೆಯುವ ದ್ರವವೇ ಲಿಕ್ವಿಡ್ ಮಾಸ್ಕ್. ಅದನ್ನು ಬಳಸಿ ಚೂಪಾದ ಗೆರೆ ತೆಗೆಯಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಗೆರೆಯ ಹೊಣೆಯನ್ನು ಅದಕ್ಕೆ ವಹಿಸಬೇಡಿ. ಗೆರೆ ಟೇಪಿನ ಕೆಲಸ. ಟೇಪು ಅಂಚು ಕಾಯುತ್ತದೆ, ಒಳಗೆ ಉಳಿದ ಜಾಗವನ್ನು ದ್ರವ ಮುಚ್ಚುತ್ತದೆ. ಈ ಹಂಚಿಕೆ ಮನಸ್ಸಿನಲ್ಲಿದ್ದರೆ ಲಿಕ್ವಿಡ್ ಮಾಸ್ಕ್‌ನಷ್ಟು ಉಪಕಾರಿಯಾದ ವಸ್ತು ಮಾಡೆಲ್ ಮೇಜಿನ ಮೇಲೆ ಬೇರೊಂದಿಲ್ಲ.

ಕಾರಣ ದ್ರವದ ಸ್ವಭಾವದಲ್ಲೇ ಇದೆ. ನುಣುಪಾದ ಪ್ಲಾಸ್ಟಿಕ್ ಮೇಲೆ ಹಚ್ಚಿದಾಗ ಮೇಲ್ಮೈ ಎಳೆತದಿಂದ ಅದು ತನ್ನೊಳಗೇ ಸೇರಿಕೊಳ್ಳುತ್ತದೆ. ಕುಂಚದಿಂದ ಎಳೆದ ಅಂಚು ಕಣ್ಣೆದುರೇ ಹಿಂದೆ ಸರಿದು ಅಲೆಅಲೆಯಾಗುತ್ತದೆ. ಒಣಗಿದಾಗ ಪದರ ಅತ್ಯಂತ ತೆಳ್ಳಗಿರುವುದೂ ಅಂಚಿನಲ್ಲೇ. ಬಿಡಿಸುವಾಗ ಹರಿಯುವುದು ಅಲ್ಲೇ, ಬಣ್ಣ ನುಗ್ಗುವುದೂ ಅಲ್ಲೇ.

ಈ ವಿಧಾನದ ನಿಜವಾದ ಪರೀಕ್ಷೆ ಗಾಜಿನ ಭಾಗಗಳಲ್ಲಿ (ಮಾಡೆಲ್‌ನಲ್ಲಿ ಇವು ಪಾರದರ್ಶಕ ಪ್ಲಾಸ್ಟಿಕ್) ಆಗುತ್ತದೆ. ಹೈಂಕೆಲ್ 111 ಬಾಂಬರ್‌ನ ಮೂತಿಯನ್ನೇ ನೋಡಿ. ಇಡೀ ಮೂತಿ ಗಾಜು, ಅದರ ತುಂಬ ಬಾಗಿದ ಚೌಕಟ್ಟುಗಳು. 1:72 ಅಳತೆಯಲ್ಲಿ, ಅಂದರೆ ನಿಜ ವಿಮಾನದ ಎಪ್ಪತ್ತೆರಡನೇ ಒಂದು ಭಾಗದಷ್ಟು ಗಾತ್ರದಲ್ಲಿ, ಒಂದೊಂದು ಕಿಟಕಿಯೂ ಉಗುರಿಗಿಂತ ಚಿಕ್ಕದು. ಇಂಥ ಕಡೆ ನಾನು ಮಾಸ್ಕಿಂಗ್ ಟೇಪನ್ನು ಗಾಜಿನ ಹಾಳೆಯ ಮೇಲೆ ಅಂಟಿಸಿ, ಹೊಸ ಬ್ಲೇಡಿನಿಂದ ಸುಮಾರು ಒಂದು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸುತ್ತೇನೆ. ಪಟ್ಟಿ ಅಷ್ಟು ಕಿರಿದಾಗಿದ್ದರೆ ವಕ್ರ ಚೌಕಟ್ಟಿನ ಜೊತೆ ತಾನೂ ಬಾಗುತ್ತದೆ. ಪ್ರತಿ ಕಿಟಕಿಯ ಒಳ ಅಂಚಿನುದ್ದಕ್ಕೂ ಪಟ್ಟಿ ಕೂರಿಸಿ, ಹಲ್ಲುಕಡ್ಡಿಯ ತುದಿಯಿಂದ ಒತ್ತುತ್ತೇನೆ. ನಂತರ ನಡುವಿನ ಖಾಲಿ ಜಾಗಕ್ಕೆ ಒಂದು ಹನಿ ದ್ರವ ಬಿಟ್ಟು, ಅದನ್ನು ಟೇಪಿನ ಮೇಲೆ ಅರ್ಧದವರೆಗೆ ತಳ್ಳುತ್ತೇನೆ. ಟೇಪಿನ ಹೊರ ಅಂಚನ್ನು ಅದು ದಾಟಬಾರದು. ಪಟ್ಟಿಗಳು ಸಂಧಿಸುವ ಮೂಲೆಯ ಸಂದಿಗೆ ಮಾತ್ರ ಹಲ್ಲುಕಡ್ಡಿಯ ತುದಿಯಲ್ಲಿ ಬೇರೆಯಾಗಿ ಒಂದಿಷ್ಟು ಇಡುತ್ತೇನೆ. ಒಣಗಿದ ಮೇಲೆ ಚೌಕಟ್ಟಿಗೆ ಮೊದಲು ಕಾಕ್‌ಪಿಟ್ ಒಳಗಿನ ಬಣ್ಣ, ಅದರ ಮೇಲೆ ಹೊರಮೈಯ ಬಣ್ಣ. ಒಳಗಿನಿಂದ ನೋಡಿದರೆ ಸರಿಯಾದ ಬಣ್ಣವೇ ಕಾಣುವುದು ಹೀಗೆ.

ಮಾರುಕಟ್ಟೆಯಲ್ಲಿ ಸಿಗುವ ಲಿಕ್ವಿಡ್ ಮಾಸ್ಕ್‌ಗಳೆಲ್ಲ ಒಂದೇ ಜಾತಿಯವಲ್ಲ. ಹಂಬ್ರೋಲ್‌ನ ನೇರಳೆ ಬಣ್ಣದ ಮಾಸ್ಕೋಲ್‌ನಂಥವು ಲ್ಯಾಟೆಕ್ಸ್ ಜಾತಿಗೆ ಸೇರಿದವು. ಒಣಗಿದ ಮೇಲೆ ರಬ್ಬರಿನಂತೆ ಹಿಗ್ಗುತ್ತವೆ. ಬ್ಲೇಡು ತಾಗಿಸಿದರೆ ಇವು ತುಂಡಾಗುವುದಿಲ್ಲ, ಎಳೆದುಕೊಂಡು ಬರುತ್ತವೆ. ಇನ್ನೊಂದು ಜಾತಿ ಒಣಗಿ ಗಟ್ಟಿ ಹಾಳೆಯಂತಾಗುತ್ತದೆ. ಮಿಸ್ಟರ್ ಮಾಸ್ಕಿಂಗ್ ಸೋಲ್ ಆರ್ ಅಂಥದ್ದು. ಇಡೀ ಕಿಟಕಿಗೆ ಬಳಿದು, ಚೌಕಟ್ಟಿನ ಗುಂಟ ಕತ್ತರಿಸಿ ತೆಗೆಯುವವರಿಗೆ ಎರಡನೆಯದೇ ಬೇಕು. ಬಾಟಲಿ ಕೊಳ್ಳುವ ಮುನ್ನ ಇದೊಂದನ್ನು ತಿಳಿದುಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಅಮೋನಿಯಾದ ಮಾತನ್ನೂ ಹೇಳಲೇಬೇಕು. ಲ್ಯಾಟೆಕ್ಸ್ ಹೆಪ್ಪುಗಟ್ಟದಂತೆ ಅದಕ್ಕೆ ಅಮೋನಿಯಾ ಬೆರೆಸಿರುತ್ತಾರೆ. ಮುಚ್ಚಳ ತೆರೆದ ಕೂಡಲೇ ಮೂಗಿಗೆ ಹೊಡೆಯುವ ಘಾಟು ಅದೇ. ಗಾಜಿನ ಭಾಗಗಳನ್ನು ನೆಲದ ಹೊಳಪಿಗೆ ಬಳಸುವ ಅಕ್ರಿಲಿಕ್ ಪಾಲಿಶ್‌ನಲ್ಲಿ ಅದ್ದಿ ತೆಗೆಯುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಆ ಪಾಲಿಶ್ ಅಮೋನಿಯಾಗೆ ಕರಗುತ್ತದೆ. ಹಾಗಾಗಿ ಪಾಲಿಶ್ ಹಾಕಿದ ಗಾಜಿನ ಮೇಲೆ ನಾನು ಘಾಟಿನ ಬಾಟಲಿಯನ್ನು ಮುಟ್ಟುವುದೇ ಇಲ್ಲ. ಅಕ್ರಿಲಿಕ್ ಬಣ್ಣದ ಮೇಲೂ ಅಷ್ಟೇ ಎಚ್ಚರ ಬೇಕು. ಅದೇ ಬಣ್ಣ ಬಳಿದ ಹಳೆಯ ಪ್ಲಾಸ್ಟಿಕ್ ತುಂಡಿನ ಮೇಲೆ ಒಂದು ಹನಿ ಇಟ್ಟು, ಬಿಡಿಸಿ ನೋಡಿ, ಆಮೇಲೆ ಮುಂದುವರಿಯುತ್ತೇನೆ.

ಬಾಟಲಿಯನ್ನು ಕುಲುಕಬಾರದು. ಕುಲುಕಿದರೆ ಗುಳ್ಳೆ, ಗುಳ್ಳೆ ಒಡೆದಲ್ಲಿ ಸೂಜಿಮೊನೆಯಷ್ಟು ರಂಧ್ರ, ಆ ರಂಧ್ರದಲ್ಲಿ ಬಣ್ಣದ ಚುಕ್ಕೆ. ಕಡ್ಡಿಯಿಂದ ಮೆಲ್ಲಗೆ ಕದಡಿದರೆ ಸಾಕು. ಬೇಕಾದಷ್ಟನ್ನು ಪುಟ್ಟ ಬಟ್ಟಲಿಗೆ ಸುರಿದುಕೊಂಡು ಮುಚ್ಚಳ ಮುಚ್ಚಿಬಿಡುತ್ತೇನೆ. ಒಳ್ಳೆಯ ಕುಂಚವನ್ನು ಈ ಕೆಲಸಕ್ಕೆ ಬಲಿ ಕೊಡುವುದು ಬೇಡ. ಅಗ್ಗದ ಸಿಂಥೆಟಿಕ್ ಕುಂಚವನ್ನು ಒದ್ದೆ ಮಾಡಿ, ಸೋಪಿನ ಮೇಲೆ ತಿರುವಿ, ಕೂದಲಿನ ನಡುವೆ ಸೋಪು ತುಂಬಿಕೊಂಡ ಮೇಲೆ ಅದ್ದಿದರೆ ಲ್ಯಾಟೆಕ್ಸ್ ಒಳಗೆ ಕಚ್ಚುವುದಿಲ್ಲ. ಪದರ ದಪ್ಪವಾಗಿಯೇ ಇರಲಿ. ಎಲ್ಲ ಬಣ್ಣವನ್ನೂ ತೆಳುವಾಗಿ ಹಚ್ಚಿ ಪಳಗಿದ ಕೈಗೆ ಇದು ಒಗ್ಗುವುದು ಕಷ್ಟ, ಆದರೆ ತೆಳು ಪದರ ಚೂರುಚೂರಾಗಿ ಹರಿಯುತ್ತದೆ, ದಪ್ಪ ಪದರ ಒಂದೇ ತುಂಡಾಗಿ ಏಳುತ್ತದೆ. ಹಾಲಿನಂತಿದ್ದ ಮಬ್ಬು ಪೂರ್ತಿ ಹೋಗಿ ಒಳಗೆಲ್ಲ ಪಾರದರ್ಶಕವಾದ ಮೇಲೆಯೇ ಏರ್‌ಬ್ರಶ್ (ಗಾಳಿಯೊತ್ತಡದಿಂದ ಬಣ್ಣ ಸಿಂಪಡಿಸುವ ಉಪಕರಣ) ಹಿಡಿಯುವುದು.

ಚಕ್ರಗಳಿಗೆ ಇದು ಹೇಳಿ ಮಾಡಿಸಿದ್ದು. ಚಕ್ರದ ನಡುಭಾಗಕ್ಕೂ ಟಯರಿಗೂ ನಡುವೆ ಸಾಮಾನ್ಯವಾಗಿ ಒಂದು ಮೆಟ್ಟಿಲು ಇರುತ್ತದೆ. ದ್ರವ ಆ ಮೆಟ್ಟಿಲಿನವರೆಗೆ ಹರಿದು ತಾನಾಗಿ ನಿಲ್ಲುತ್ತದೆ. ಟೇಪಿನ ನೆರವಿಲ್ಲದೆ ದ್ರವಕ್ಕೆ ಚೂಪಾದ ಅಂಚನ್ನು ಬಿಟ್ಟುಕೊಡುವುದು ನಾನು ಇಲ್ಲಿ ಮಾತ್ರ, ಏಕೆಂದರೆ ಅಂಚನ್ನು ಅಚ್ಚೇ ಮಾಡಿಕೊಟ್ಟಿರುತ್ತದೆ. ಬಣ್ಣ ಎದ್ದುಹೋದ ವಿಮಾನಗಳಿಗೆ ಅಂಚು ನೇರವಾಗಿರಲೇಬಾರದು. ಎರಡನೆಯ ಮಹಾಯುದ್ಧದ ಜಪಾನಿ ವಿಮಾನಗಳ ರೆಕ್ಕೆಯ ಬುಡದಲ್ಲಿ ಅಲ್ಯೂಮಿನಿಯಂ ಬಯಲಾದ ಕಲೆಗಳನ್ನು ತೋರಿಸಲು, ಲೋಹದ ಬಣ್ಣದ ಮೇಲೆ ಹರಿದ ಸ್ಪಂಜಿನ ತುಂಡಿನಿಂದ ದ್ರವವನ್ನು ತಟ್ಟಿ, ಮೇಲೆ ಹಸಿರು ಹೊಡೆದು, ಬೆರಳಿನಿಂದ ಉಜ್ಜುತ್ತೇನೆ. ದೌರ್ಬಲ್ಯವೇ ಇಲ್ಲಿ ಗುಣ.

ಪ್ಯಾನೆಲ್ ಗೆರೆಗಳು (ಲೋಹದ ತಗಡುಗಳ ಜೋಡಣೆಯನ್ನು ತೋರಿಸುವ ಗೆರೆಗಳು) ಕೊರೆದಿರುವ ರೆಕ್ಕೆಯ ಮೇಲೆ, ಡೆಕಾಲ್‌ಗಳ (ಅಂಟಿಸುವ ತೆಳು ಚಿಹ್ನೆಗಳ) ಮೇಲೆ, ಒರಟಾದ, ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ನಾನು ಇದನ್ನು ಬಳಸುವುದಿಲ್ಲ. ಗೆರೆಯೊಳಗೆ ಇಳಿದ ಲ್ಯಾಟೆಕ್ಸ್ ದಾರದಂತೆ ಅಲ್ಲೇ ಕೂರುತ್ತದೆ, ಡೆಕಾಲ್ ಅದರ ಜೊತೆಗೇ ಎದ್ದುಬರುತ್ತದೆ. ಮ್ಯಾಟ್ ಮೇಲೆ ಅನಿವಾರ್ಯವಾದರೆ ಮೊದಲು ಹೊಳಪಿನ ವಾರ್ನಿಶ್ ಹಾಕಿ, ಅದು ಚೆನ್ನಾಗಿ ಒಣಗಿದ ಮೇಲೆ ಹಚ್ಚುತ್ತೇನೆ.

ಇನ್ನು ಬಿಡಿಸುವುದು. ಬಣ್ಣ ಕೈಗೆ ಅಂಟದಷ್ಟು ಒಣಗಿದರೆ ಸಾಕು, ಅದು ಕಲ್ಲಾಗುವವರೆಗೆ ಕಾಯುವುದಿಲ್ಲ. ವಾರಗಟ್ಟಲೆ ಬಿಟ್ಟಷ್ಟೂ ಮಾಸ್ಕ್ ಕಚ್ಚಿಕೊಳ್ಳುತ್ತದೆ. ಮೊದಲು ಚೌಕಟ್ಟಿನ ಗುಂಟ ಬ್ಲೇಡನ್ನು ಭಾರ ಹಾಕದೆ ಒಮ್ಮೆ ಓಡಿಸಿ, ಟೇಪಿನ ಮೇಲೂ ಚೌಕಟ್ಟಿನ ಮೇಲೂ ಒಂದಾಗಿ ಹರಡಿರುವ ಬಣ್ಣದ ಪದರವನ್ನು ಬೇರ್ಪಡಿಸಬೇಕು. ಹಾಗೆ ಮಾಡದಿದ್ದರೆ ಅಕ್ರಿಲಿಕ್ ಬಣ್ಣ ಅಂಚಿನಲ್ಲಿ ಹರಿದು ಹಲ್ಲುಹಲ್ಲಾಗುತ್ತದೆ. ಆಮೇಲೆ ಚಿಮುಟದಿಂದ ಒಂದು ಮೂಲೆ ಎತ್ತಿ, ಮೇಲಕ್ಕಲ್ಲ, ಹಿಂದಕ್ಕೆ ಮಡಚಿದಂತೆ ಎಳೆಯಬೇಕು. ರಬ್ಬರು ಹಿಗ್ಗುತ್ತದೆ, ಅದರ ಮೇಲಿನ ಬಣ್ಣ ಹಿಗ್ಗುವುದಿಲ್ಲ. ಬಿರುಕು ಬಿಟ್ಟು ಧೂಳಿನಂಥ ಚಕ್ಕೆಗಳಾಗಿ ಉದುರುತ್ತದೆ. ಮಾಡೆಲನ್ನು ತಲೆಕೆಳಗಾಗಿ ಹಿಡಿದು ಎಳೆದರೆ ಚಕ್ಕೆಗಳು ಮೇಜಿಗೆ ಬೀಳುತ್ತವೆ, ಗಾಜಿನ ಮೇಲಲ್ಲ. ಮೂಲೆಯಲ್ಲಿ ಉಳಿದ ಚೂರುಗಳಿಗೆ ಉಗುರು ಹಾಕುವುದಿಲ್ಲ. ಬಿಡಿಸಿದ ಲ್ಯಾಟೆಕ್ಸನ್ನೇ ಬಣ್ಣದ ಮೈ ಒಳಗಾಗುವಂತೆ ಉಂಡೆ ಮಾಡಿ ಒತ್ತಿ ಎತ್ತಿದರೆ, ತನ್ನ ಚೂರುಗಳನ್ನು ಅದೇ ಹಿಡಿದುಕೊಂಡು ಬರುತ್ತದೆ.